ಅರ್ಧ ಬಯಲು

ಚೆಂಡು ಕಾಣದಿದ್ದರೂ ಅದು ಎಲ್ಲಿದೆ ಎಂಬುದು ಹೊನ್ನವ್ವನಿಗೆ ಗೊತ್ತಾಗುತ್ತಿತ್ತು. ಮಾಳಿಗೆಯ ಮೇಲೆ ನಿಂತರೆ ಶಿಗ್ಗಾಂವಿಯ ದನದ ಸಂತೆಯ ಬಯಲು ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧವನ್ನು ಹತ್ತಿ ಬಿಡಿಸುವ ಜಿನ್ನಿನ ತಗಡಿನ ಗೋಡೆ ಮುಚ್ಚಿದೆ. ಆಟ ಗೋಡೆಯ ಆಚೆಗೆ ಹೋದಾಗ ಅವಳು ಈಚೆಯ ಗೋಲಿನಲ್ಲಿ ನಿಂತ ಹುಡುಗನನ್ನು ನೋಡುತ್ತಿದ್ದಳು. ಅವನು ಕಂಬಕ್ಕೆ ಒರಗಿ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡರೆ ಚೆಂಡು ದೂರವಿದೆ. ಕಂಬ ಬಿಟ್ಟು ಮುಂದೆ ಬಂದರೆ ಈ ಕಡೆ ತಿರುಗಿದೆ. ಮೊಣಕಾಲು ಬಾಗಿಸಿದನೆಂದರೆ ಇನ್ನೇನು ತಗಡಿನ ಅಂಚಿನಿಂದ ಹೊರಬೀಳುತ್ತದೆ. ಅದರ ಹಿಂದೆಯೇ ಕೆಸರು ಮೆತ್ತಿದ ಕಾಲುಗಳು, ಕೂಗು, ಸವಣೂರಿನವರ ಹಸಿರು ಅಂಗಿಗಳು.

ಅಂದು ಗಣಪತಿ ಕೂತ ಮರುದಿನ. ಬೆಳಗಿನಿಂದ ಹನಿ ಜಿನುಗಿ ಈಗ ಹೊಳವಾಗಿತ್ತು. ಹಗ್ಗದ ಮೇಲಿನ ಅರಿವೆಗಳನ್ನು ತೆಗೆಯಲೆಂದು ಹತ್ತಿದವಳು ಒಂದು ಧೋತರವನ್ನು ಮಡಚಿ ತೋಳ ಮೇಲೆ ಹಾಕಿಕೊಂಡು, ಎರಡನೆಯದಕ್ಕೆ ಕೈಹಾಕಿದವಳು ಹಾಗೆಯೇ ನಿಂತಿದ್ದಳು.

"ಹೊನ್ನವ್ವಾ, ಅರಿವಿ ತಗ್ಯಾಕ ಹೋದಾಕಿ ನೀನೂ ಅಲ್ಲೇ ಒಣಗಾಕತ್ತಿಯೇನ?" ಕೆಳಗಿನಿಂದ ಅತ್ತೆ ವೀರವ್ವನ ದನಿ.

"ಬಂದೆ ಅತ್ತಿ."

"ಬರಬ್ಯಾಡ ನಿಲ್ಲು. ಉಳಿವ್ಯಾ ಹೆಂಗ ಆಡಾಕತ್ತಾನ ಹೇಳು."

"ಛೊಲೋ ಆಡಾಕತ್ತಾನ್ರಿ."

"ಬಿದ್ದನೇನ?"

"ಇಲ್ರಿ."

"ಬಿದ್ದರ ಹೇಳು ಮತ್ತ. ಮುಚ್ಚಿ ಇಟಗೋಬ್ಯಾಡ."

ಉಳಿವೆಪ್ಪ ಹೊನ್ನವ್ವನ ಮೈದುನ. ಎಡಗಡೆಯ ನಡುವಿನ ಜಾಗದಲ್ಲಿ ಆಡುತ್ತಿದ್ದ. ಅಣ್ಣ ಫಕ್ಕೀರಪ್ಪ ಆಡುತ್ತಿದ್ದುದೂ ಅದೇ ಜಾಗದಲ್ಲಿ. ಫಕ್ಕೀರಪ್ಪ ತೀರಿ ಒಂದು ವರ್ಷವಾಗಿತ್ತು. ಅವನ ಹೆಸರಿನ ಶೀಲ್ಡಿಗಾಗಿಯೇ ಇವತ್ತಿನ ಆಟ. ಮಾವ ಚನ್ನವೀರಪ್ಪ ಹುಬ್ಬಳ್ಳಿಯಲ್ಲಿ ಮಾಡಿಸಿ ತಂದ ಶೀಲ್ಡನ್ನು ಅಡತಿ ಅಂಗಡಿಯ ಗಾದಿಯ ಮೇಲೆ ಒಂದು ತಿಂಗಳು ಇಟ್ಟು ಬಂದವರಿಗೆಲ್ಲ ತೋರಿಸಿದ್ದ. ಹಾನಗಲ್ಲಿನವರೂ ಹಿರೇಕೆರೂರಿನವರೂ ಮೊದಲೇ ಸೋತು ಹೋಗಿದ್ದರು. ಹಿರೇಕೆರೂರು ಹೊನ್ನವ್ವನ ತವರು. ಆ ಹುಡುಗರು ಹೋಗುವಾಗ ಬಾಗಿಲಲ್ಲಿ ನಿಂತು "ಮಾಸ್ತರಗ ಏನರ ಹೇಳೂದೈತೇನ್ರಿ ಅಕ್ಕಾರ" ಎಂದು ಅವಳ ಅಪ್ಪನ ನೆನಪು ತೆಗೆದಿದ್ದರು. ಏನೂ ಇಲ್ಲ ಎಂದಿದ್ದಳು. ಇವತ್ತು ಮಧ್ಯಾಹ್ನ ಶೀಲ್ಡು ಮನೆಯಿಂದ ಹೊರಡುವಾಗ ತಾನು ಎದುರಾಗಬಾರದೆಂದು ಹಿತ್ತಲಿಗೆ ಹೋಗಿ ನಿಂತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಆಟ ನೋಡುವುದನ್ನು ಅವಳಿಗೆ ಕಲಿಸಿದವನು ಫಕ್ಕೀರಪ್ಪ. "ಚೆಂಡ ನೋಡಬ್ಯಾಡ. ಚೆಂಡ ಎಲ್ಲಾರೂ ನೋಡ್ತಾರ. ಚೆಂಡ ಇಲ್ಲದಾಂವ ಏನ ಮಾಡಾಕತ್ತಾನ, ಅದನ್ನ ನೋಡು" ಎನ್ನುತ್ತಿದ್ದ. ಆದರೆ ಅವನು ಹೇಳುವ ಮೊದಲೇ ಅವಳು ಹಾಗೆ ನೋಡಿದ್ದಳು. ಧಾರವಾಡದ ಕಾಲೇಜಿನ ಮೈದಾನದಲ್ಲಿ ಹುಡುಗಿಯರಿಗೆಂದು ಗುಲ್‌ಮೊಹರಿನ ಕೆಳಗೆ ಎರಡು ಬೆಂಚು ಹಾಕಿರುತ್ತಿದ್ದರು. ಚೆಂಡು ಎತ್ತರಕ್ಕೆ ಹಾರಿದಾಗಲೆಲ್ಲ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಎತ್ತರಕ್ಕೆ ಹಾರಿದ್ದು ದೊಡ್ಡದೇ ಇರಬೇಕು. ಹೊನ್ನವ್ವ ಮಾತ್ರ ಯಾರೂ ಚಪ್ಪಾಳೆ ತಟ್ಟದ ಒಬ್ಬನನ್ನು ಗಮನಿಸಿದಳು. ಅವನು ಹೆಚ್ಚು ಓಡುತ್ತಿರಲಿಲ್ಲ. ಆದರೆ ಚೆಂಡು ಬಂದು ಬೀಳುವ ಕಡೆ ಮೊದಲೇ ನಿಂತಿರುತ್ತಿದ್ದ, ಸಂತೆಗೆ ಬರುವ ನೆಂಟರನ್ನು ಕಾಯುವವನ ಹಾಗೆ. ಬಂದದ್ದನ್ನು ಇನ್ನೊಬ್ಬನಿಗೆ ಕೊಟ್ಟು ಮತ್ತೆ ಸುಮ್ಮನೆ ನಿಲ್ಲುತ್ತಿದ್ದ.

ಕಾಲೇಜಿನ ಆಟ ಸಡಿಲವಾಗಿತ್ತು. ಕೈಗೆ ಬಂದ ಗೋಲನ್ನು ತಪ್ಪಿಸಿಕೊಂಡವನೂ ನಗುತ್ತಿದ್ದ, ಅವನನ್ನು ಬಯ್ಯುವವನೂ ನಗುತ್ತಿದ್ದ. ಸೋತ ಸಂಜೆ ಹಾಸ್ಟೆಲಿನಲ್ಲಿ ಗೆದ್ದವರಷ್ಟೇ ಉಣ್ಣುತ್ತಿದ್ದರು. ತಮ್ಮ ಕಾಲು ತಮ್ಮವೇ ಎಂದು ನಂಬಿಕೊಂಡವರು ಆಡುವ ಆಟ ಅದು. ಆ ಚಳಿಗಾಲ ಮೆಲ್ಬರ್ನಿನ ಒಲಿಂಪಿಕ್ಕಿನಲ್ಲಿ ನಮ್ಮವರು ಆಸ್ಟ್ರೇಲಿಯಾಕ್ಕೆ ನಾಲ್ಕು ಗೋಲು ಹೊಡೆದರೆಂದು ಹಾಸ್ಟೆಲಿನ ರೇಡಿಯೋ ಹೇಳಿತು. ಮರುದಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಆ ಶಿಗ್ಗಾಂವಿಯ ಹುಡುಗ ಎದುರು ಬಂದು, "ಕೇಳಿದ್ರಿ?" ಎಂದ. "ಕೇಳಿದೆ" ಎಂದಳು. ಮದುವೆಗೆ ಮುಂಚೆ ಅವರಿಬ್ಬರ ನಡುವೆ ಆದ ಮಾತು ಹೆಚ್ಚು ಕಡಿಮೆ ಅಷ್ಟೇ. ಉಳಿದದ್ದನ್ನು ಹಿರಿಯರು ಆಡಿದರು.

ಮುಂಬಯಿಯ ಆಟ ಬೇರೆ. ಒಂದು ಗಿರಣಿಯ ತಂಡಕ್ಕೆ ಅವನನ್ನು ಕರೆದುಕೊಂಡರು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ನೂಲಿನ ಖಾತೆಯಲ್ಲಿತ್ತು. ನೂಲು ಮುಟ್ಟುವುದು ಬೂಟಿನ ಲಾಡಿ ಕಟ್ಟುವಾಗ ಮಾತ್ರ ಎಂದು ಅವನು ನಗುತ್ತಿದ್ದ. ಪರೇಲಿನ ಚಾಳಿನಲ್ಲಿ ಒಂದು ಖೋಲಿ ಕೊಟ್ಟಿದ್ದರು. ಆಟದ ದಿನ ಆಟಗಾರರ ಹೆಂಡಂದಿರು ಒಂದೇ ಕಡೆ ಕೂರುತ್ತಿದ್ದರು: ಒಬ್ಬಳು ಗೋವೆಯವಳು, ಒಬ್ಬಳು ಹೈದರಾಬಾದಿನ ಗೌಹರ. ಅವರು ಚೆಂಡನ್ನೂ ನೋಡುತ್ತಿರಲಿಲ್ಲ, ಚೆಂಡಿಲ್ಲದವರನ್ನೂ ನೋಡುತ್ತಿರಲಿಲ್ಲ. ತಮ್ಮ ತಮ್ಮ ಗಂಡಂದಿರ ಮೊಣಕಾಲು ನೋಡುತ್ತಿದ್ದರು. ಗೌಹರ ತಾಬೀಜನ್ನು ಮುಷ್ಟಿಯಲ್ಲಿ ಹಿಡಿದು, "ಅವರ ಕಾಲಿನ ಮ್ಯಾಲೆ ನಮ್ಮ ಒಲಿ ಐತಿ ಬೆಹನ್" ಎಂದು ಮುರುಕು ಕನ್ನಡದಲ್ಲಿ ಹೇಳಿದ್ದಳು. ಸ್ವಲ್ಪ ದಿನಕ್ಕೆ ಹೊನ್ನವ್ವನೂ ಹಾಗೆ ನೋಡುವುದನ್ನು ಕಲಿತಳು. ಅಲ್ಲಿ ಯಾರೂ ತಪ್ಪಿದ ಗೋಲಿಗೆ ನಗುತ್ತಿರಲಿಲ್ಲ. ಬಿದ್ದವನು ಎದ್ದು ನಿಲ್ಲುವ ಮೊದಲು ಖುರ್ಚಿಯಲ್ಲಿ ಕೂತ ಮ್ಯಾನೇಜರನ ಮುಖ ನೋಡುತ್ತಿದ್ದ.

ದೇಶದ ಆಟವನ್ನು ಮಾತ್ರ ಅವಳು ಎಂದೂ ಕಣ್ಣಿಂದ ನೋಡಲಿಲ್ಲ. ರೋಮಿನ ಒಲಿಂಪಿಕ್ಕಿಗೆ ತಂಡ ಆರಿಸುವ ಕಾಲಕ್ಕೆ ಫಕ್ಕೀರಪ್ಪನ ಹೆಸರನ್ನು ಯಾರೋ ಎತ್ತಿದ್ದರಂತೆ. ಹೆಸರು ಎರಡು ವಾರ ತಿರುಗಾಡಿ ಚಾಳಿಗೇ ಮರಳಿ ಬಂತು. ನೆರೆಮನೆಯ ರೇಡಿಯೋ ಮುಂದೆ ಕೂತು ಅವನು ಲೋಟಗಳನ್ನು ನೆಲದ ಮೇಲೆ ಜೋಡಿಸಿ, ಇಂವ ಇಲ್ಲಿ, ಅಂವ ಅಲ್ಲಿ ಎಂದು ಸರಿಸುತ್ತಿದ್ದ. ಆ ಆಟಕ್ಕೆ ನೆಲವೇ ಇಲ್ಲವೆಂದು ಅವಳಿಗೆ ಅನ್ನಿಸುತ್ತಿತ್ತು. ಕೆಸರಿಲ್ಲ, ಸಗಣಿಯಿಲ್ಲ, ಕಲ್ಲಿಲ್ಲ. ಬರೀ ಹೆಸರುಗಳು ಗಾಳಿಯಲ್ಲಿ ಓಡುತ್ತಿದ್ದವು. ದೇಶದ ಪರವಾಗಿ ಆಡುವಾಗ ಯಾರಿಗೂ ಅವ್ವ ಇರುವುದಿಲ್ಲ, ಬಾಡಿಗೆ ಖೋಲಿ ಇರುವುದಿಲ್ಲ, ಮೊಣಕಾಲು ಕೂಡ ದೇಶದ್ದೇ.

ಫಕ್ಕೀರಪ್ಪನ ಮೊಣಕಾಲು ಮೂರನೆಯ ಮಳೆಗಾಲಕ್ಕೆ ಹೋಯಿತು. ಗಿರಣಿಯವರು ಅವನನ್ನು ನಿಜವಾಗಿಯೂ ನೂಲಿನ ಖಾತೆಗೆ ಕಳಿಸಿದರು. ಒಂದು ಬೆಳಿಗ್ಗೆ ಹೊಸ ಆಟಗಾರನ ಹೆಂಡತಿ ಬಾಗಿಲಿಗೆ ಬಂದು, ನಳದಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಳು. ಖೋಲಿ ಬಿಡಬೇಕೆಂಬುದು ಅವರಿಗೆ ಗೊತ್ತಾದದ್ದು ಹಾಗೆ.

ತಗಡಿನ ಆಚೆ ಒಮ್ಮೆಲೇ ಕೂಗೆದ್ದಿತು. ಗೋಲಿನ ಹುಡುಗ ಕಂಬದ ಹತ್ತಿರವೇ ಕುಕ್ಕರಗಾಲಿನಲ್ಲಿ ಕೂತ. ಹಾಗಾದರೆ ಆ ಕಡೆ ಗೋಲಾಗಿಲ್ಲ, ತಪ್ಪಿದೆ. ಅವಳು ಎರಡನೆಯ ಧೋತರವನ್ನು ಹಗ್ಗದಿಂದ ಎಳೆದುಕೊಂಡಳು. ಕೆಳಗೆ ದನದ ಕೊಟ್ಟಿಗೆಯ ತೊಲೆಗೆ ತೂಗುಹಾಕಿದ ಫಕ್ಕೀರಪ್ಪನ ಬೂಟುಗಳು ಇಲ್ಲಿಂದಲೂ ಕಾಣುತ್ತಿದ್ದವು. ತೊಗಲನ್ನು ಒಳಗೆ ತರುವ ಮನೆತನವಲ್ಲ ಇದು. ಮುಂಬಯಿಯಿಂದ ಬಂದ ದಿನವೇ ವೀರವ್ವ ಅವನ್ನು ಕೋಲಿನ ತುದಿಯಲ್ಲಿ ಎತ್ತಿ ಅಲ್ಲಿ ಹಾಕಿದ್ದಳು. ಇಲಿ ಕಡಿದು ಒಂದರ ನಾಲಿಗೆ ಹೋಗಿತ್ತು.

ಕಳೆದ ವರ್ಷ ಇದೇ ಗಣಪತಿಯ ಸೂಟಿಯಲ್ಲಿ, ಸವಣೂರಿನವರು ಆಡಲು ಕರೆದಾಗ, ಹೊನ್ನವ್ವ ಆ ಬೂಟು ತೆಗೆದುಕೊಟ್ಟಿದ್ದಳು. ಅವನು ಮತ್ತೆ ತೊಲೆಗೆ ಹಾಕಿದ. "ಎಲ್ಲಾರೂ ಬರಿಗಾಲಲೆ ಆಡಾವರು. ನಾನೊಬ್ಬಾಂವ ಬೂಟ ಹಾಕ್ಕೊಂಡ್ರ ಯಾರದರ ಕಾಲ ಮುರೀತೈತಿ." ಪಡಸಾಲೆಯಿಂದ ಮಾವನೂ ಕೂಗಿದ್ದ: "ಲಂಡನ್ನಿನ್ಯಾಗ ಬರಿಗಾಲಲೆ ಆಡಿ ಫ್ರಾನ್ಸದಾವರ ಬೆವರ ಇಳಿಸ್ಯಾರ. ಶಿಗ್ಗಾಂವ್ಯಾಗ ಬೂಟ ಬೇಕೇನು?" ಕುಂಟು ಮೊಣಕಾಲಿನಲ್ಲೇ ಅವನು ಹೋದ. ದನದ ಸಂತೆಯ ನೆಲ. ಎತ್ತಿನ ಲಾಳ ಬಡಿಯುವವರು ಕೂರುವ ಜಾಗ. ಮುರಿದ ಲಾಳದ ಮೊಳೆಯೊಂದು ಅಂಗಾಲಿಗೆ ಹೋಗಿತ್ತು. ನಗುತ್ತಲೇ ಮನೆಗೆ ಬಂದಿದ್ದ.

ವೀರವ್ವ ವಿಭೂತಿ ತಂದಳು. ಶಿವರಾತ್ರಿಯ ದಿನ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ಅರಿವೆಯಲ್ಲಿ ಸೋಸಿ, ಗಂಜಲದಲ್ಲಿ ಕಲಸಿ, ಉಂಡೆ ಕಟ್ಟಿ ಕೊಟ್ಟಿಗೆಯ ಅಟ್ಟದಲ್ಲಿ ಒಣಗಿಸಿ ಪಡಸಾಲೆಯ ಗೂಡಿನಲ್ಲಿ ಇಡುವುದು ಅವಳದೇ ಕೆಲಸ. ಮಕ್ಕಳ ಮೊಣಕೈ ತರಚಿದರೂ ಅದೇ, ಆಕಳಿಗೆ ಕೋಡು ತಾಗಿದರೂ ಅದೇ. ಕೈಗೆ ತೆಗೆದುಕೊಂಡ ವಿಭೂತಿ ನೆಲಕ್ಕೆ ಬೀಳಬಾರದು, ತಿರುಗಿ ಗೂಡಿಗೂ ಹೋಗಬಾರದು, ಮೈಗೇ ಹತ್ತಬೇಕು. ಅದು ಆ ಮನೆಯ ನೇಮ. ಮೊಳೆ ಹೋದ ತೂತಿನಲ್ಲಿ ಅವಳು ಅದನ್ನು ಒತ್ತಿ ತುಂಬಿ, ಹಳೆಯ ಸೀರೆಯ ಚುಂಗಿನಿಂದ ಬಿಗಿಯಾಗಿ ಕಟ್ಟಿದಳು.

ಒಂದು ವಾರದ ಮೇಲೆ ಫಕ್ಕೀರಪ್ಪ ರೊಟ್ಟಿಯ ಮುಂದೆ ಕೂತು ಬಾಯಿ ತೆರೆಯಲಿಲ್ಲ. ಅಂಗಡಿಗೆ ಬಾ ಎಂದು ಅಪ್ಪ ಹೇಳಿದ್ದಕ್ಕೆ ಸಿಟ್ಟು ಮಾಡಿದ್ದಾನೆ ಎಂದುಕೊಂಡರು. ವೀರವ್ವ ತುತ್ತು ಮುರಿದು ತುಟಿಯ ಹತ್ತಿರ ಹಿಡಿದು, "ಉಣ್ಣೋ ನನ್ನಪ್ಪಾ, ಅನ್ನದ ಮ್ಯಾಲೆ ಯಾಕ ಸಿಟ್ಟ" ಎಂದಳು. ಅವನ ಹಲ್ಲು ಕಚ್ಚಿಕೊಂಡೇ ಇದ್ದವು. ಅವನು ನಗುತ್ತಿರುವ ಹಾಗೆ ಕಾಣುತ್ತಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕತ್ತಲೆ ಮಾಡಿದ ಕೋಣೆಯ ಹೊರಗೆ ಡಾಕ್ಟರರು ಕೇಳಿದ್ದರು. ಮಾವ ಬರ್ಫ ತರಲು ಹೋಗಿದ್ದ. ಹೊನ್ನವ್ವ ಒಬ್ಬಳೇ ಇದ್ದಳು.

"ಗಾಯಕ್ಕೆ ಏನು ಹಾಕಿದ್ದಿರಿ?"

"ವಿಭೂತಿ."

"ಸಗಣಿ ಬೂದಿಯೇ?"

"ಹೌದು."

"ನೀವು ಓದಿದವರಲ್ಲವೆ?" ಎಂದರು. ಆಮೇಲೆ ಸ್ವರ ಇಳಿಸಿ, ಮೊಳೆಯಿಂದಲೂ ಆಗಬಹುದಿತ್ತು, ಆದರೆ ತೊಳೆದು ತೆರೆದು ಬಿಟ್ಟಿದ್ದರೆ ಬದುಕುವ ಸಂಭವ ಇತ್ತು, ಬೂದಿ ತುಂಬಿ ಕಟ್ಟಿದ್ದರಿಂದ ಒಳಗೇ ಬೆಳೆಯಿತು ಎಂದರು. ಬಾಗಿಲ ಸಪ್ಪಳವಾದರೂ ಅವನ ಮೈ ಬಿಲ್ಲಿನಂತೆ ಬಾಗುತ್ತಿತ್ತು. ನಾಲ್ಕನೆಯ ದಿನ ಬೆಳಗಿನಲ್ಲಿ ಸಡಿಲಾಯಿತು.

ಡಾಕ್ಟರರು ಹೇಳಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಮಾತಾಡಿಸಲು ಬಂದ ಹೆಂಗಸರ ಮುಂದೆ ವೀರವ್ವ ಬಲಗೈ ಚಾಚಿ ತೋರಿಸುತ್ತಿದ್ದಳು. "ಇದ ಕೈಲೆ ಈಬತ್ತಿ ಹಚ್ಚಿದ್ದೆ ನೋಡ್ರೆವಾ. ಅದ ತಡದು ಹಿಡೀತು. ಅದಕ್ಕ ಅಷ್ಟ ದಿನರ ಇದ್ದ ನನ್ನ ಮಗ. ಇಲ್ಲಾಂದ್ರ ಬಯಲಾಗ ಹೋಗತಿದ್ದ." ಹೆಂಗಸರು ಹೌದೆಂದು ತಲೆಯಾಡಿಸುತ್ತಿದ್ದರು. ಸೊಸೆಯನ್ನು ಹಿರೇಕೆರೂರಿಗೆ ಕಳಿಸಿಬಿಡಿ ಎಂದು ಬೀಗರೊಬ್ಬರು ಹೇಳಿದಾಗ ವೀರವ್ವ, "ಆಕಿ ಹೋದ್ರ ಅವನ ಸುದ್ದಿ ನಾ ಯಾರ ಕೂಡ ಆಡ್ಲಿ?" ಎಂದು ಬಾಯಿ ಮುಚ್ಚಿಸಿದ್ದಳು. ರಾತ್ರಿ ಒಂದೇ ಕೌದಿಯಲ್ಲಿ ಇಬ್ಬರೂ ಮಲಗುತ್ತಿದ್ದರು. ಬೆಳಿಗ್ಗೆ ಮಿಂದು ಬಂದ ಹೊನ್ನವ್ವ, ಕುಂಕುಮವಿಲ್ಲದ ಹಣೆಗೆ ಗೂಡಿನ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಬೆರಳಿಗೆ ಅದು ನುಣ್ಣಗೆ ಹತ್ತುತ್ತಿತ್ತು. ದಿನಾಲೂ ಅದನ್ನು ಮುಟ್ಟುವಾಗ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಏನೂ ಅನ್ನಿಸದಿರುವುದು ಮಾತ್ರ ತಿಳಿಯುತ್ತಿತ್ತು.

ಗೋಲಿನ ಹುಡುಗ ಮೊಣಕಾಲು ಬಾಗಿಸಿದ. ಚೆಂಡು ತಗಡಿನ ಅಂಚಿನಿಂದ ಹೊರಬಿತ್ತು, ಹಿಂದೆ ಇಬ್ಬರು ಹಸಿರಂಗಿಯವರು, ಅವರ ಓರೆಗೆ ಉಳಿವೆಪ್ಪ. ಅವನಿಗೆ ಅಣ್ಣನ ತಾಳ್ಮೆ ಇಲ್ಲ. ಚೆಂಡಿನ ಹಿಂದೆ ಓಡುತ್ತಾನೆ. ನಿಲ್ಲು, ಅಲ್ಲೇ ನಿಲ್ಲು, ಅದೇ ಬರುತ್ತದೆ ಎಂದುಕೊಂಡಳು. ಅವನು ನಿಲ್ಲಲಿಲ್ಲ. ಜಾರುತ್ತ ಹೋಗಿ ಕಾಲು ಚಾಚಿದ. ಚೆಂಡು ಅವನನ್ನು ದಾಟಿ ಗೋಲಿನೊಳಗೆ ಹೋಯಿತು. ಸವಣೂರಿನವರು ಕುಣಿದರು. ಉಳಿವೆಪ್ಪ ನೆಲದ ಮೇಲೆ ಕೂತೇ ಇದ್ದ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಿದ್ದ.

"ಏನಾತು? ಏನದು ಗದ್ದಲ?" ಕೆಳಗಿನಿಂದ ವೀರವ್ವ ಕೇಳಿದಳು.

ಹೊನ್ನವ್ವ ತೋಳ ಮೇಲಿನ ಅರಿವೆಗಳನ್ನು ಅಲ್ಲೇ ಹಗ್ಗಕ್ಕೆ ಎಸೆದು ಏಣಿ ಇಳಿದಳು.

ಅವಳು ಒಲೆಯ ಮೇಲೆ ನೀರಿಟ್ಟು, ಸಾಬೂನು ಹುಡುಕಿ ತರುವ ಹೊತ್ತಿಗೆ ಮಂದಿ ಮನೆಗೆ ಬಂದರು. ಸವಣೂರಿನ ಕಪ್ತಾನ ಮಜೀದ ಉಳಿವೆಪ್ಪನ ತೋಳನ್ನು ಹೆಗಲಿಗೆ ಹಾಕಿಕೊಂಡಿದ್ದ. ಇನ್ನೊಂದು ಕಂಕುಳಲ್ಲಿ ಶೀಲ್ಡು. ಮಜೀದ ಫಕ್ಕೀರಪ್ಪನ ಜೊತೆಗೆ ಧಾರವಾಡದಲ್ಲಿ ಆಡಿದವನು, ಈಗ ವೀಳ್ಯದೆಲೆಯ ವ್ಯಾಪಾರ. ಗೆದ್ದ ಶೀಲ್ಡನ್ನು ಫಕ್ಕೀರಪ್ಪನ ಫೋಟೋದ ಕೆಳಗೆ ಇಟ್ಟು, ತಲೆಗೆ ಕರವಸ್ತ್ರ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತ.

"ನಾಳೆ ಒಯ್ತೇನಿ ಕಾಕಾ. ಇವತ್ತ ರಾತ್ರಿ ಇಲ್ಲೇ ಇರಲಿ, ಅವನ ಹಂತ್ಯಾಕ."

ಚನ್ನವೀರಪ್ಪ ಧೋತರದ ತುದಿಯಿಂದ ಮೂಗು ಒರೆಸಿಕೊಂಡ. ವರ್ಷದಿಂದ ರೇಡಿಯೋದ ಮೇಲೆ ಹೊದೆಸಿದ್ದ ಕಸೂತಿಯ ಅರಿವೆಯನ್ನು ತೆಗೆದು, ಧೂಳು ಊದಿ, ಗುಂಡಿ ತಿರುಗಿಸಿದ. "ಜಕಾರ್ತಾದಾಗ ಇವತ್ತ ಏಶಿಯನ್ ಗೇಮ್ಸಿನ ಫೈನಲ್ ಐತಿ. ದಿಲ್ಲಿಯಿಂದ ವಾರ್ತಾ ಬರ್ತೈತಿ ಈಗ. ಕುಂತ್ರಿ, ಕುಂತ್ರಿ."

"ನಮ್ಮ ಕಡಿ ಒಬ್ಬಾಂವಗ ತಲಿ ಒಡದು ಹೊಲಿಗಿ ಹಾಕ್ಯಾರಂತ ಕಾಕಾ, ಪೇಪರದಾಗ ಬಂದೈತಿ. ಆದ್ರೂ ಆಡಾಕ ನಿಂತಾನ."

"ಅದು ಗಂಡಸು," ಎಂದು ಚನ್ನವೀರಪ್ಪ ಮಗನ ಕಡೆ ತಿರುಗಿದ. "ನೀ ಏನೋ, ಮುಳ್ಳ ಚುಚ್ಚಿದ್ದಕ್ಕ ಹೆಗಲ ಮ್ಯಾಲೆ ಬಂದಿ?"

"ಮುಳ್ಳಲ್ಲಪಾ. ಗಾಜೋ, ಮೊಳಿಯೋ, ಏನೋ." ಉಳಿವೆಪ್ಪ ನಗುತ್ತ ಕುಂಟಿಕೊಂಡು ಹಿತ್ತಲಿಗೆ ಬಂದ. "ವೈನಿ, ನೀವು ಮಾಳಿಗಿ ಮ್ಯಾಲೆ ಇದ್ರಿ, ನಾ ನೋಡಿದೆ. ಆ ಗೋಲು ನನ್ನ ತಪ್ಪೇನ್ರಿ?"

"ಓಡಬಾರದಿತ್ತು. ಕಾಲ ಮ್ಯಾಲ ಮಾಡು."

ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ ಬಿಸಿನೀರು ಸುರಿದಳು. ಕೆಸರು ಹೋಗಿ ಹೆಬ್ಬೆರಳಿನ ಬುಡದಲ್ಲಿ ಆಳವಾದ, ಕಿರಿದಾದ ಬಾಯಿ ಕಾಣಿಸಿತು. ಅದನ್ನು ಎರಡು ಬೆರಳಿನಿಂದ ಅಗಲಿಸಿ ಸಾಬೂನು ತಿಕ್ಕಿದಳು. ಉಳಿವೆಪ್ಪ ಹಲ್ಲು ಕಚ್ಚಿದ. ಅವನ ದವಡೆಯ ಕಡೆ ನೋಡದೆ ಅವಳು ಮತ್ತೆ ನೀರು ಸುರಿದಳು.

ವೀರವ್ವ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಹಳೆಯ ಸೀರೆಯ ಚುಂಗು, ಇನ್ನೊಂದು ಕೈಯ ತುಂಬ ವಿಭೂತಿ. ಉಂಡೆಯನ್ನು ಹಿಸುಕಿ ಪುಡಿ ಮಾಡಿಕೊಂಡೇ ಬಂದಿದ್ದಳು.

"ಸರಿ ಅತ್ತಾಗ."

"ನಾ ತೊಳ್ಯಾಕತ್ತೇನಿ ಅತ್ತಿ. ಅದು ಬ್ಯಾಡ."

"ಯಾವುದು ಬ್ಯಾಡ?"

"ಈಬತ್ತಿ."

"ಈಬತ್ತಿ ಬ್ಯಾಡೇನ?" ವೀರವ್ವನಿಗೆ ನಗು ಬಂತು. "ಕೇಳಿದೇನೋ ಉಳಿವ್ಯಾ, ನಿಮ್ಮ ವೈನಿ ಬಿ.ಎ. ಆಗಿ ಶಿವನ್ನೂ ಪಾಸ ಮಾಡವಲ್ಲಳು. ಸರಿಯ, ರಗತ ಹರ್ಯಾಕತ್ತೈತಿ."

"ಹರೀಲಿ ಬಿಡ್ರಿ."

"ಹರೀಲಿ ಅಂತಿಯಲ್ಲ, ನಿನಗೇನ ಕರಳ ಐತೋ ಇಲ್ಲೋ?" ನಗು ಹೋಗಿತ್ತು. ಅವಳು ಬಾಗಿ ಕಾಲಿಗೆ ಕೈಹಾಕಿದಳು. ಹೊನ್ನವ್ವ ಅವಳ ಮುಂಗೈ ಹಿಡಿದಳು. ಈ ಮನೆಗೆ ಬಂದ ಮೇಲೆ ಅತ್ತೆಯ ಕೈಯನ್ನು ಹಾಗೆ ಹಿಡಿದವಳಲ್ಲ.

"ಬಿಡು. ನಿನ್ನ ಗಂಡಗ ಇದನ್ನ ಹಚ್ಚಿದ್ದೆ ನಾನು. ಇದ ಕೈಲೆ ಹಚ್ಚಿದ್ದೆ—"

"ಅದಕ್ಕ ಬ್ಯಾಡ ಅತ್ತಿ."

ಪಡಸಾಲೆಯಲ್ಲಿ ಒಮ್ಮೆಲೇ ಕೂಗಾಯಿತು. "ಗೆದ್ರೋ! ಚಿನ್ನದ ಪದಕ! ಎರಡ ಗೋಲ, ಎರಡ!" ಮಜೀದನ ದನಿ. "ಆ ಹೊಲಿಗಿ ಹಾಕಿಸ್ಕೊಂಡಾಂವ ಹೊಡದಾನಂತ ಒಂದು! ಉಳಿವ್ಯಾ, ಕೇಳಿದ್ಯಾ?"

ಉಳಿವೆಪ್ಪ ಆ ಕಡೆ ತಿರುಗಲಿಲ್ಲ. ಅವ್ವನ ಮುಖ, ವೈನಿಯ ಮುಖ ನೋಡುತ್ತಿದ್ದ. ಕಾಲಿನಿಂದ ಇಳಿದ ನೀರು ಕಲ್ಲಿನ ಸಂದಿಯಲ್ಲಿ ತೆಳ್ಳಗೆ ಕೆಂಪಾಗಿ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು.

"ಡಾಕ್ಟರ ಹೇಳಿದ್ರ?" ವೀರವ್ವ ಕೇಳಿದಳು. ಪಕ್ಕದ ಮನೆಯವರಿಗೆ ಕೇಳಬಾರದು ಎಂಬಂಥ ದನಿ.

"ಹೂಂನ್ರಿ."

"ಯಾವಾಗ?"

"ಅವಾಗ."

"ವರ್ಷಾತಲ್ಲ."

ಹೊನ್ನವ್ವ ತಂಬಿಗೆಯಲ್ಲಿ ಉಳಿದ ನೀರನ್ನು ಗಾಯದ ಮೇಲೆ ಸುರಿದಳು. ವೀರವ್ವ ಕೈ ಹಿಂದಕ್ಕೆ ಎಳೆದುಕೊಂಡು ಮುಷ್ಟಿ ಕಟ್ಟಿದಳು.

ಊರಿನ ಡಾಕ್ಟರರು ಹಬ್ಬಕ್ಕೆಂದು ಊರು ಬಿಟ್ಟಿದ್ದರು. ಹೊನ್ನವ್ವ ಸೆರಗು ಸರಿಮಾಡಿಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಗಂಡಸರು ಕೂತ ಜಾಗಕ್ಕೆ ಅವಳು ಹಾಗೆ ಬಂದಿದ್ದು ಅದೇ ಮೊದಲು. "ಮಜೀದಣ್ಣಾ, ನಿಮ್ಮ ಎಲಿ ಲಾರಿ ಹುಬ್ಬಳ್ಳಿಗೆ ಹೊಂಟೈತೇನ್ರಿ?"

"ಹೊಂಟೈತಿ ಭಾಬಿ, ಈಗ. ಯಾಕ್ರಿ?"

"ಉಳಿವೆಪ್ಪನ್ನ ದವಾಖಾನಿಗೆ ಒಯ್ಯಬೇಕು. ಧನುರ್ವಾಯಿನ ಸೂಜಿ ಹಾಕಿಸಬೇಕು. ಇವತ್ತ."

ಚನ್ನವೀರಪ್ಪ ಇನ್ನೂ ರೇಡಿಯೋದ ಗೆಲುವಿನಲ್ಲಿದ್ದ. "ಅಲ್ಲಿ ತಲಿ ಹೊಲಿಸ್ಕೊಂಡು ಗೋಲ ಹೊಡ್ಯಾಕತ್ತಾರ, ಇಲ್ಲಿ ಹೆಬ್ಬಟ್ಟ ತರಚಿದ್ರ ಹುಬ್ಬಳ್ಳಿಗೆ ಹೊಂಟ್ರಲ್ಲಪಾ! ಅವ್ವ ಈಬತ್ತಿ ಹಚ್ಚತಾಳ, ನಾಳಿಗೆ—"

ಅಷ್ಟು ಹೇಳಿ ನಿಂತ. ಬಾಗಿಲಲ್ಲಿ ನಿಂತ ಸೊಸೆಯ ಮುಖ ನೋಡಿದ. ಆಮೇಲೆ ಫೋಟೋದ ಕೆಳಗಿನ ಶೀಲ್ಡನ್ನು ನೋಡಿದ. ಮಜೀದ ಆಗಲೇ ಎದ್ದು ನಿಂತಿದ್ದ. ಚನ್ನವೀರಪ್ಪ ಕೋಟು ತೊಟ್ಟು, ಚಪ್ಪಲಿಗೆ ಕಾಲು ಹಾಕಿ, ಮಗನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತ. ಲಾರಿ ಹೊರಟಾಗ ಎಲೆಯ ಪೆಂಡಿಗಳ ಮೇಲೆ ಕೂತ ಉಳಿವೆಪ್ಪ ಕೈ ಎತ್ತಿದ. ವೈನಿಗೋ ಅವ್ವನಿಗೋ ತಿಳಿಯಲಿಲ್ಲ. ಅವ್ವ ಬಾಗಿಲಿಗೆ ಬಂದಿರಲಿಲ್ಲ.

ದೀ‍ಪ ಹಚ್ಚುವ ಹೊತ್ತಾಯಿತು. ಬಯಲಿನಲ್ಲಿ ಹುಡುಗರು ಇನ್ನೂ ಚೆಂಡು ಒದೆಯುತ್ತಿದ್ದ ಸಪ್ಪಳ, ಹಸಿನೆಲಕ್ಕೆ ಅದು ಬೀಳುವ ಮಂದ ಪೆಟ್ಟು. ಪಡಸಾಲೆಯಲ್ಲಿ ಆರಿಸುವುದನ್ನು ಮರೆತ ರೇಡಿಯೋ ಯಾರೂ ಇಲ್ಲದೆ ಹಾಡುತ್ತಿತ್ತು. ಹೊನ್ನವ್ವ ಅದನ್ನು ಆರಿಸಲಿಲ್ಲ.

ವೀರವ್ವ ಅಡಿಗೆಮನೆಯ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಕಟ್ಟಿದ ಬಲಗೈ ಮುಷ್ಟಿ ಮಡಿಲಲ್ಲಿತ್ತು. ಬೆರಳ ಸಂದಿಯಿಂದ ಉದುರಿದ ಬಿಳಿ ಪುಡಿ ಕರಿ ಸೀರೆಯ ನಿರಿಗೆಯ ಮೇಲೆ ಒಂದು ಗೆರೆಯಾಗಿತ್ತು.

"ಅತ್ತಿ, ಕೈ ತೊಳ್ಕೊಬರ್ರಿ. ಉಣ್ಣೂಣು."

ಮುಷ್ಟಿ ಬಿಚ್ಚಲಿಲ್ಲ. ಹೊನ್ನವ್ವ ತಾಟು ತಂದು ಎದುರಿಗಿಟ್ಟಳು. ಜೋಳದ ರೊಟ್ಟಿ, ಝುಣಕ. ಸ್ವಲ್ಪ ಹೊತ್ತು ಕಾದು ತಾನೂ ಎದುರಿಗೆ ಕೂತಳು. ಗೂಡಿನಲ್ಲಿ ಒಂದು ಉಂಡೆ ತೆಗೆದ ಜಾಗ ಖಾಲಿ ಕಾಣುತ್ತಿತ್ತು. ವೀರವ್ವ ಆ ಕಡೆ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ.

ಹೊನ್ನವ್ವ ರೊಟ್ಟಿಯ ಅಂಚು ಮುರಿದು, ಝುಣಕ ಹಚ್ಚಿ, ತುತ್ತನ್ನು ಅತ್ತೆಯ ತುಟಿಯ ಹತ್ತಿರ ಹಿಡಿದಳು.

"ಉಣ್ರಿ ಅತ್ತಿ."

ವೀರವ್ವನ ಬಾಯಿ ಮುಚ್ಚಿಯೇ ಇತ್ತು. ದವಡೆಯ ಎಲುಬು ಚರ್ಮದ ಕೆಳಗೆ ಒಮ್ಮೆ ಅಲುಗಿ ನಿಂತಿತು. ಹೊನ್ನವ್ವ ತುತ್ತು ಹಿಡಿದ ಕೈಯನ್ನು ಇಳಿಸಲಿಲ್ಲ. ಹೊರಗೆ ಚೆಂಡಿನ ಸಪ್ಪಳ ನಿಂತು, ಹುಡುಗರು ಒಬ್ಬರನ್ನೊಬ್ಬರು ಕೂಗುತ್ತ ಮನೆಗಳ ಕಡೆ ಹೋದರು.